ಹಳೇ ಮೀಟರಿನ 15 ವೋಲ್ಟ್ ಬ್ಯಾಟರಿಗೆ ದುಡ್ಡು ಹಾಕುವ ಮೊದಲು ಇದನ್ನು ಓದಿ

ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ, ಇನ್ನೊಬ್ಬರು ಹೀಗೆ ಮೋಸ ಹೋಗಬಾರದು.

ಅಪ್ಪ ಬದಿಯಡ್ಕದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಕಾಲದ ಏವೋ 8 ಮೀಟರ್ ಮನೆಯಲ್ಲಿದೆ, ವೋಲ್ಟ್, ಕರೆಂಟ್, ಓಮ್ಸ್ ಅಳೆಯುವ ಮುಳ್ಳಿನ ಮೀಟರ್. ವೋಲ್ಟ್ ಇವತ್ತಿಗೂ ಸರಿಯಾಗಿ ತೋರಿಸುತ್ತದೆ, ಅದಕ್ಕೆ ಬ್ಯಾಟರಿ ಬೇಡ. ಓಮ್ಸ್, ಅಂದರೆ ರೆಸಿಸ್ಟೆನ್ಸ್, ನೋಡಲು ಮಾತ್ರ ಎರಡು ಬೇಕು. 1.5 ವೋಲ್ಟಿನ ದಪ್ಪ ಸೆಲ್ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ದೊಡ್ಡ ರೇಂಜಿಗೆ ಬೇಕಾದ 15 ವೋಲ್ಟಿನ ಬಿ121 ಕಾಸರಗೋಡಿನಲ್ಲಿ ಕೇಳಿದೆ, ಮಂಗಳೂರಿನಲ್ಲಿ ಕೇಳಿದೆ, ಸಿಗಲಿಲ್ಲ.

ಆಗ ಯಾರೋ ಒಂದು ನಂಬರ್ ಕೊಟ್ಟರು. ಫೋನ್ ಎತ್ತಿದವನು ನಮ್ಮದೇ ಕನ್ನಡ ಮಾತಾಡಿದ. "ಒರಿಜಿನಲ್ ಪೀಸ್ ಅಣ್ಣಾ, ಎರಡೇ ಉಂಟು. ಮೀಟರಿನ ಸರ್ಕ್ಯೂಟ್ ನಕ್ಷೆಯೂ ಕೊಡ್ತೇನೆ." ನಮ್ಮ ಕಡೆಯವನಲ್ವಾ ಅಂತ ನಂಬಿದೆ. 1,600 ರೂಪಾಯಿ ಮೊದಲೇ ಹಾಕಿದೆ. ಮೊದಲೇ!

ಬಂತು. ಹೊಸ ಕವರ್, ಮೇಲೆ 15 ವೋಲ್ಟ್ ಅಂತ ಅಚ್ಚು. ಹಾಕಿ, ಎರಡು ವಯರ್ ಮುಟ್ಟಿಸಿ ಝೀರೋ ನಾಬ್ ತಿರುಗಿಸಿದೆ. ಮುಳ್ಳು ಝೀರೋಗೆ ಬರುವುದೇ ಇಲ್ಲ. ಡಿಜಿಟಲ್ ಮೀಟರಿನಲ್ಲಿ ಅಳೆದರೆ 12.3.

"ಹೊಸತರಲ್ಲಿ ಹಾಗೇ ಅಣ್ಣಾ, ಎರಡು ದಿನ ಬಿಡಿ." ಬಿಟ್ಟೆ. ಅದೇ 12.3.

"ಹಾಗಾದ್ರೆ ನಿಮ್ಮ ಮೀಟರೇ ಹೋಗಿದೆ ಮಾರಾಯ್ರೇ, ಕಾಯಿಲ್ ನೋಡಿಸಿ." ಮುಳ್ಳು ತಿರುಗಿಸುವ ಕಾಯಿಲ್ ಹೋಗಿದ್ದರೆ ವೋಲ್ಟ್ ಹೇಗೆ ಸರಿ ತೋರಿಸುತ್ತದೆ? ಅಪ್ಪನ ಮೀಟರಿಗೆ ಹೀಗೆ ಹೇಳಿದ್ದು ಕೇಳಿ ತಡೆಯಲಾಗಲಿಲ್ಲ. ಬ್ಲೇಡ್ ತಂದು ಒಂದರ ಕವರ್ ಕೊಯ್ದೆ.

ಒಳಗೆ ಕಾಲಿಂಗ್ ಬೆಲ್ ರಿಮೋಟಿಗೆ ಹಾಕುವ 12 ವೋಲ್ಟಿನ 23ಎ ಸೆಲ್. ಸುತ್ತಲೂ ರಟ್ಟು ತುರುಕಿದ್ದಾನೆ. ರಟ್ಟು! ಫೋಟೋ ಕಳಿಸಿದೆ. ಉತ್ತರ: "ಬಿಚ್ಚಿದ ಮಾಲು ವಾಪಸ್ ಇಲ್ಲ." ಬಿಚ್ಚದೆ ಗೊತ್ತಾಗುವುದು ಹೇಗೆ? ಆಮೇಲೆ ಬ್ಲಾಕ್ ಮಾಡಿದ.

ಸರ್ಕ್ಯೂಟ್ ಅಂತ ಬಂದದ್ದು ಮಸುಕು ಜೆರಾಕ್ಸ್. ಯಾವ ರೆಸಿಸ್ಟರ್ ಎಷ್ಟು ಓಮ್ಸ್ ಅಂತ ಒಂದೂ ಓದಲಾಗುವುದಿಲ್ಲ. ಅದೂ ಬೇರೆ ಮಾರ್ಕಿನದ್ದು, ಅಂದರೆ ಬೇರೆ ಆವೃತ್ತಿಯದ್ದು. 1951ರಿಂದ 2008ರವರೆಗೆ ಬಂದ ಏವೋ 8ರಲ್ಲಿ ಏಳು ಮಾರ್ಕ್ ಉಂಟು, ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ನಾನು ಡಯಲಿನ ಫೋಟೋ ಕಳಿಸಿದ್ದೆ, ಅವನು ನೋಡಿಯೇ ಇಲ್ಲ. ಸರ್ವಿಸ್ ಮ್ಯಾನುಯಲ್ ನೆಟ್‌ನಲ್ಲಿ ಸುಮ್ನೆ ಸಿಗುತ್ತದೆ, ಅದಕ್ಕೆ ದುಡ್ಡು ಕೊಡಬೇಡಿ.

ಬ್ಯಾಟರಿಯನ್ನು ಮೀಟರಿಗೆ ಹಿಡಿದ ವಿಡಿಯೋ ಕಳಿಸಲು ಮಾರುವವನಿಗೆ ಹೇಳಿ. 15 ಕಾಣದಿದ್ದರೆ ಒಂದು ರೂಪಾಯಿಯೂ ಹಾಕಬೇಡಿ. ನಾನು ಕೊನೆಗೆ 2032 ಬಟನ್ ಸೆಲ್ ಐದನ್ನು ಹೋಲ್ಡರಿನಲ್ಲಿ ಸಾಲಾಗಿ ಜೋಡಿಸಿದೆ. ತಲಾ 3 ವೋಲ್ಟ್, ಒಟ್ಟು 15. ಮುಳ್ಳು ನೇರ ಝೀರೋಗೆ ಬಂತು.

ದುಡ್ಡು ವಾಪಸ್ ಬಂದಿಲ್ಲ. ಇನ್ನೊಂದು ಬ್ಯಾಟರಿಯನ್ನು ಕೊಯ್ಯದೆ ಹಾಗೆಯೇ ಇಟ್ಟಿದ್ದೇನೆ. ನಂಬಿಕೆಯಾಗದವರು ಮನೆಗೆ ಬಂದು ಅಳೆದು ನೋಡಿ.