ವಿಂಡೋಸ್ 10 ಬಂದ್ ಆಯ್ತು ಅಂತ ಹೆದರಿಸಿದರೆ ದುಡ್ಡು ಕೊಡಬೇಡಿ

"ವಿಂಡೋಸ್ 10 ಬಂದ್ ಆಯ್ತು ಮೇಡಂ, ಇನ್ಮೇಲೆ ಸಿಸ್ಟಮ್ ಆನೇ ಆಗಲ್ಲ" ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಹಸಿ ಸುಳ್ಳು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ ನಿಲ್ಲಿಸಿತು, ಅಷ್ಟೇ. ಕಂಪ್ಯೂಟರ್ ಮೊದಲಿನ ಹಾಗೇ ಆನ್ ಆಗುತ್ತದೆ.

ನಮ್ಮದು ತಾಲ್ಲೂಕು ಕಚೇರಿ ಎದುರಿನ ಟೈಪಿಂಗ್ ಅಂಗಡಿ. ಅರ್ಜಿ, ಅಫಿಡವಿಟ್, ಬಾಡಿಗೆ ಕರಾರು ಎಲ್ಲಾ 'ನುಡಿ' ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲೇ. ಫ್ಯಾನ್ ಸದ್ದು ಜಾಸ್ತಿಯಾಗಿತ್ತು, ಧೂಳು ತೆಗೆಸೋಕೆ ಅಂತ ಕಂಪ್ಯೂಟರ್ ರಿಪೇರಿಯವನಿಗೆ ಸಿಸ್ಟಮ್ ಕೊಟ್ಟೆ. ಧೂಳು ತೆಗೆಯೋಕೆ! ಅವನು ವಿಂಡೋಸ್ 11 ಹಾಕಿ, "ಒರಿಜಿನಲ್ ಲೈಸೆನ್ಸ್ ಮೇಡಂ" ಅಂತ 3,500 ರೂಪಾಯಿ ತಗೊಂಡ.

ಅಂಗಡಿಗೆ ತಂದು ಹಳೇ ಫೈಲ್ ತೆರೆದರೆ ಒಂದು ಕನ್ನಡ ಅಕ್ಷರ ಇಲ್ಲ. ಪುಟದ ತುಂಬಾ ಇಂಗ್ಲಿಷ್ ಅಕ್ಷರ, ಅದರ ನೆತ್ತಿ ಮೇಲೆ ಚುಕ್ಕಿ, ಗೀಟು. ಎದುರಿಗೆ ಅಫಿಡವಿಟ್‌ಗೆ ಕಾಯುತ್ತಿದ್ದ ಅಜ್ಜ. ಅವರ ಮುಂದೆ ಎಷ್ಟು ಅವಮಾನ ಆಯಿತು ಗೊತ್ತಾ? ಫೋನ್ ಮಾಡಿದರೆ, "ಫೈಲ್ ಕರಪ್ಟ್ ಆಗಿದೆ ಮೇಡಂ, ವೈರಸ್. ರಿಕವರಿಗೆ 2,000 ಆಗುತ್ತೆ."

ಕರಪ್ಟೂ ಇಲ್ಲ, ವೈರಸ್ಸೂ ಇಲ್ಲ. 11 ಹಾಕೋಕೆ ಸಿ ಡ್ರೈವ್ ಅಳಿಸಿದಾಗ ನುಡಿ ಫಾಂಟ್ ಹೋಗಿದೆ, ಅಷ್ಟೇ! ಪಕ್ಕದ ಡಿಟಿಪಿ ಹುಡುಗ ಪುಕ್ಕಟೆ ಸಿಗುವ ನುಡಿ ಹಾಕಿಕೊಟ್ಟ, ಅಕ್ಷರ ಎಲ್ಲಾ ವಾಪಸ್ ಬಂತು. ಇಷ್ಟಕ್ಕೆ 2,000 ಕೇಳಿದ್ದನಲ್ಲ!

ಆ ಹುಡುಗನೇ ಸೆಟ್ಟಿಂಗ್ಸ್‌ನಲ್ಲಿ ಆಕ್ಟಿವೇಷನ್ ಪುಟ ತೆರೆದು ತೋರಿಸಿದ. "ನಿಮ್ಮ ಸಂಸ್ಥೆಯ ಆಕ್ಟಿವೇಷನ್ ಸರ್ವಿಸ್ ಮೂಲಕ" ಆಕ್ಟಿವೇಟ್ ಆಗಿದೆ ಅಂತ ಇಂಗ್ಲಿಷಿನಲ್ಲಿ ಇತ್ತು. ನಂದು ಒಂದು ಟೇಬಲ್ಲಿನ ಅಂಗಡಿ, ಯಾವ ಸಂಸ್ಥೆ? ಅದು ದೊಡ್ಡ ಕಂಪನಿಗಳಿಗೆ ಇರೋ ವ್ಯವಸ್ಥೆ, ಕಳ್ಳ ದಾರಿಯಲ್ಲಿ ಹಾಕಿದ್ದಾನೆ. ಮೊದಲಿದ್ದ ವಿಂಡೋಸ್ 10 ಅಸಲಿ ಆಗಿತ್ತು! ಅಸಲಿ 10 ಇದ್ದವರಿಗೆ, ಸಿಸ್ಟಮ್ ಸರಿಹೊಂದಿದರೆ, 11 ಪುಕ್ಕಟೆ. ನಂದು 6ನೇ ಜನರೇಶನ್ ಐ5 ಪ್ರೊಸೆಸರ್ ಇರೋ ಹಳೇ ಸಿಸ್ಟಮ್, ಹೊಂದೋದೇ ಇಲ್ಲ. ಸಿಸ್ಟಮ್ ಹೊಂದುತ್ತಾ ಅಂತ ವಿಂಡೋಸ್ 11 ಮಾಡೋ ತಪಾಸಣೆ ತಪ್ಪಿಸಿ ತುರುಕಿದ್ದಾನೆ. ಹಾಗೆ ಹಾಕಿದ್ದಕ್ಕೆ ಮುಂದೆ ಅಪ್‌ಡೇಟ್ ಬರುತ್ತೆ ಅನ್ನೋ ಖಾತ್ರಿ ಮೈಕ್ರೋಸಾಫ್ಟ್ ಕೊಡುವುದಿಲ್ಲ.

ರಿಪೇರಿಯವನನ್ನ ಕೇಳಿದ್ದಕ್ಕೆ ಉತ್ತರ: "ಸಾಫ್ಟ್‌ವೇರಿಗೆ ಗ್ಯಾರಂಟಿ ಇರಲ್ಲ ಮೇಡಂ." ಮತ್ತೆ ಕೇಳಿದರೆ, "ಎಲ್ಲರಿಗೂ ಹಿಂಗೇ ಹಾಕೋದು, ಯಾರೂ ಕಂಪ್ಲೇಂಟ್ ಮಾಡಿಲ್ಲ." ಗೊತ್ತಾದರೆ ತಾನೇ ಮಾಡೋದು!

ಹೊಸ ವಿಂಡೋಸ್ ಹಾಕಿಸೋ ಮೊದಲು ಮೈಕ್ರೋಸಾಫ್ಟಿನ 'ಪಿಸಿ ಹೆಲ್ತ್ ಚೆಕ್' ಅನ್ನೋ ಆ್ಯಪ್ ಓಡಿಸಿ, ನಿಮ್ಮ ಸಿಸ್ಟಮ್‌ಗೆ 11 ಆಗುತ್ತಾ ಇಲ್ವಾ ಅದೇ ಹೇಳುತ್ತದೆ. ಆಗಲ್ಲ ಅಂದರೂ ಗಾಬರಿ ಬೇಡ. ಮನೆ ಬಳಕೆಯ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಪಡೆಯೋ ದಾರಿ ಇದೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡೂ ಬೇಡ. ಇದನ್ನ ಆ ಪುಣ್ಯಾತ್ಮ ಒಂದು ಮಾತು ಹೇಳಲಿಲ್ಲ.

ಲೈಸೆನ್ಸ್ ಅಂತ ದುಡ್ಡು ಕೇಳಿದರೆ ಬಿಲ್ಲಿನಲ್ಲಿ ಹಾಗೇ ಬರೆಸಿಕೊಳ್ಳಿ. ನನಗೆ ಕೊಟ್ಟ ಚೀಟಿಯಲ್ಲಿ ಬರೀ "ಸರ್ವಿಸ್" ಅಂತಿದೆ. ಈಗ ಫೋನೂ ಎತ್ತುತ್ತಿಲ್ಲ.