3.3 ವೋಲ್ಟ್ ಯುಎಸ್‌ಬಿ-ಸೀರಿಯಲ್ ಕೇಬಲ್: ನಾಲ್ಕು ವರ್ಷಗಳ ಬಳಕೆಯ ನಂತರ

ಲ್ಯಾಪ್‌ಟಾಪಿನ ಯುಎಸ್‌ಬಿಯನ್ನು ಬೋರ್ಡಿನ ಸೀರಿಯಲ್ ಪಿನ್ನುಗಳಿಗೆ ಬೆಸೆಯುವ, ಎಫ್‌ಟಿ232ಆರ್ ಚಿಪ್ ಇರುವ ಈ ಕೇಬಲನ್ನು ನಾನು ನಾಲ್ಕು ವರ್ಷಗಳಿಂದ ಒಂದೇ ಕೆಲಸಕ್ಕೆ ಬಳಸುತ್ತಿದ್ದೇನೆ. ನಾನೇ ಕಂಪೈಲ್ ಮಾಡಿದ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಬೂಟ್ ಆಗದಿದ್ದಾಗ, ಅದು ಎಲ್ಲಿಯವರೆಗೆ ಬಂದು ನಿಂತಿತೆಂದು ನೋಡುವುದೇ ಆ ಕೆಲಸ. ಡಿಸ್‌ಪ್ಲೇ ಡ್ರೈವರ್ ಸಿದ್ಧವಾಗುವ ಮೊದಲೇ ಕರ್ನಲ್ ನಿಂತುಬಿಟ್ಟರೆ ಎಚ್‌ಡಿಎಂಐ ಪರದೆಯಿಂದ ಏನೂ ತಿಳಿಯುವುದಿಲ್ಲ.

ಜೋಡಣೆಗೆ ಮೂರು ತಂತಿಗಳು ಸಾಕು: ಕಪ್ಪು (ಗ್ರೌಂಡ್) ಪೈಯ 6ನೇ ಪಿನ್ನಿಗೆ, ಹಳದಿ 8ಕ್ಕೆ, ಕಿತ್ತಳೆ 10ಕ್ಕೆ. ಕೆಂಪು ತಂತಿಯ ತುದಿಗೆ ಮೊದಲ ದಿನವೇ ಟೇಪ್ ಸುತ್ತಿಟ್ಟಿದ್ದೇನೆ, ಸಂಕೇತ 3.3 ವೋಲ್ಟಿನದಾದರೂ ಆ ತಂತಿಯಲ್ಲಿರುವುದು ಯುಎಸ್‌ಬಿಯ 5 ವೋಲ್ಟ್.

ಕರ್ನಲ್ ತನ್ನ ಸಂದೇಶಗಳನ್ನು ಮೊದಲು ಮೆಮೊರಿಯ ಬಫರ್‌ನಲ್ಲಿ ಕೂಡಿಡುತ್ತದೆ, ಕನ್ಸೋಲ್ (ಸಂದೇಶ ಹೊರಹಾಕುವ ದಾರಿ) ಡ್ರೈವರ್ ನೋಂದಣಿಯಾದ ಮೇಲಷ್ಟೇ ಹೊರಗೆ ಕಳುಹಿಸುತ್ತದೆ. ಅದಕ್ಕೂ ಮುಂಚೆ ನಿಂತರೆ ಕೇಬಲ್ ಎಷ್ಟೇ ಒಳ್ಳೆಯದಿದ್ದರೂ ಒಂದಕ್ಷರ ಬಾರದು. ಆದ್ದರಿಂದ ಬೂಟ್ ಆಯ್ಕೆಗಳಲ್ಲಿ ಯುಆರ್ಟ್ (ಸೀರಿಯಲ್ ಸಂವಹನದ ಯಂತ್ರಾಂಶ) ವಿಳಾಸದೊಡನೆ ಅರ್ಲಿಕಾನ್ ಎಂಬ ಆರಂಭಿಕ ಕನ್ಸೋಲನ್ನು ಸೇರಿಸಲೇಬೇಕು. ಅದು ಪ್ರತಿ ಅಕ್ಷರವೂ ಹೊರಟುಹೋಗುವವರೆಗೆ ಕಾಯುತ್ತದೆ. 115200 ಬಾಡ್ ವೇಗದಲ್ಲಿ ಒಂದಕ್ಷರಕ್ಕೆ ಸುಮಾರು 87 ಮೈಕ್ರೊಸೆಕೆಂಡ್ ಹಿಡಿಯುವುದರಿಂದ ಬೂಟ್ ನಿಧಾನವಾಗುವುದು ನಿಜ, ಆದರೆ ಲ್ಯಾಪ್‌ಟಾಪ್ ಪರದೆಯ ಮೇಲೆ ಕಂಡ ಕೊನೆಯ ಸಾಲನ್ನು ನಂಬಬಹುದು.

ನಂಬಬಹುದು ಎಂದೆನಾದರೂ, ಒಮ್ಮೆ ಅದೇ ಸಾಲು ನನ್ನನ್ನು ಎರಡು ದಿನ ಸುತ್ತಿಸಿತು. ಬೂಟ್ ಕನ್ಸೋಲ್ (ಅಂದರೆ ಅರ್ಲಿಕಾನ್) ನಿಷ್ಕ್ರಿಯವಾಯಿತೆಂಬ ಸಂದೇಶದ ನಂತರ ಮೌನ. ಕರ್ನಲ್ ಅಲ್ಲೇ ನಿಂತಿದೆಯೆಂದು ಟೈಮರ್ ಕೋಡನ್ನೆಲ್ಲ ಜಾಲಾಡಿದೆ. ಬೂಟ್ ಕನ್ಸೋಲನ್ನು ಮುಚ್ಚದೆ ಉಳಿಸುವ ಕೀಪ್_ಬೂಟ್‌ಕಾನ್ ಆಯ್ಕೆ ಹಾಕಿ ನೋಡಿದರೆ ಅದು ಲಾಗಿನ್‌ವರೆಗೂ ಆರಾಮವಾಗಿ ಸಾಗಿತ್ತು! ಪಿನ್ನುಗಳಿಗೆ ಬರುವ ಮಿನಿ ಯುಆರ್ಟ್‌ನ ಹೆಸರು ಟಿಟಿವೈಎಸ್0; ಕನ್ಸೋಲ್ ಆಯ್ಕೆಯಲ್ಲಿ ನಾನು ಬರೆದದ್ದು ಟಿಟಿವೈಎಎಂಎ0, ಅಂದರೆ ಬ್ಲೂಟೂತ್ ಚಿಪ್ಪಿಗೆ ಹೋಗುವ ದಾರಿ. ಸೀರಿಯಲ್0 ಎಂದಷ್ಟೇ ಬರೆದಿದ್ದರೆ ಫರ್ಮ್‌ವೇರ್ ತಾನೇ ಸರಿಯಾದ ಹೆಸರು ತುಂಬುತ್ತಿತ್ತು.

ಕೇಬಲಿನ ಬಗ್ಗೆ ಒಂದು ಸಣ್ಣ ತಕರಾರಿದೆ. ಬೂಟಿನ ಮೊದಲ ಘಟ್ಟದಲ್ಲಿ ಕರ್ನಲಿನ ಸಮಯ ಮುದ್ರೆ ಸೊನ್ನೆಯಲ್ಲೇ ಇರುವುದರಿಂದ ನಾನು ಲ್ಯಾಪ್‌ಟಾಪಿನ ಕಡೆಯಿಂದ ಸಮಯ ದಾಖಲಿಸುತ್ತೇನೆ. ಚಿಪ್ ಮಾತ್ರ ಪೂರ್ವನಿಯೋಜಿತವಾಗಿ 16 ಮಿಲಿಸೆಕೆಂಡ್‌ಗಳವರೆಗೆ ಅಕ್ಷರಗಳನ್ನು ತಡೆದು ಕಳುಹಿಸುತ್ತದೆ. ಲಿನಕ್ಸ್‌ನಲ್ಲಿ ಈ ತಡೆಯ ಅವಧಿಯನ್ನು, ಅಂದರೆ ಲೇಟೆನ್ಸಿ ಟೈಮರನ್ನು, 1 ಮಿಲಿಸೆಕೆಂಡಿಗೆ ಇಳಿಸಿದರೆ ಸರಿಹೋಗುತ್ತದೆ.

ಬಾಳಿಕೆಗೆ ಐದರಲ್ಲಿ ನಾಲ್ಕು ನಕ್ಷತ್ರ. ಮೂರನೆಯ ವರ್ಷ ಪರದೆಯಲ್ಲಿ ಕಸದಂಥ ಅಕ್ಷರಗಳು ಬರತೊಡಗಿದವು. ಮಿನಿ ಯುಆರ್ಟ್‌ನ ವೇಗ ಕೋರ್ ಗಡಿಯಾರಕ್ಕೆ ಅಂಟಿಕೊಂಡಿರುವುದರಿಂದ ಒಂದು ಸಂಜೆಯಿಡೀ ಆ ಗಡಿಯಾರವನ್ನು ಸ್ಥಿರವಾಗಿಡುವ ಎನೇಬಲ್_ಯುಆರ್ಟ್ ಸಾಲನ್ನೇ ಅನುಮಾನಿಸಿದೆ. ಸಡಿಲವಾಗಿದ್ದದ್ದು ಕಪ್ಪು ತಂತಿಯ ಸಾಕೆಟ್. ಹೊಸದನ್ನು ಬೆಸುಗೆ ಹಾಕಿದ ಮೇಲೆ ಆ ತೊಂದರೆ ಮರುಕಳಿಸಿಲ್ಲ.