ರೆಕಾರ್ಡರ್ ಕಲಿಕೆ: ವಿಡಿಯೊ, ಗುಂಪು ಕ್ಲಾಸ್, ಖಾಸಗಿ ಟೀಚರ್

ರೆಕಾರ್ಡರ್ ಅಂದರೆ ಕೊಳಲಿನ ಹಾಗೆ ಊದುವ ಒಂದು ಪಾಶ್ಚಾತ್ಯ ವಾದ್ಯ. ಅದನ್ನು ಕಲಿಯಲು ವಿಡಿಯೊ, ಗುಂಪು ಕ್ಲಾಸ್, ಖಾಸಗಿ ಟೀಚರ್ ಈ ಮೂರನ್ನೂ ನಾನು ಮಾಡಿ ನೋಡಿದ್ದೇನೆ. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದಿಷ್ಟೇ: ಮೊದಲ ಕೆಲವು ತಿಂಗಳು ಟೀಚರ್ ಎದುರು ಕೂತು ಕಲಿಯಿರಿ. ಮಿಕ್ಕಿದ್ದೆಲ್ಲ ಆಮೇಲೆ.

ವಿಡಿಯೊದಲ್ಲಿ ಬೆರಳು ಎಲ್ಲಿಡಬೇಕು ಅನ್ನುವುದು ಚೆನ್ನಾಗಿ ತಿಳಿಯುತ್ತದೆ. ಮುಂದೆ ಏಳು ತೂತು, ಹಿಂದೆ ಹೆಬ್ಬೆರಳಿಗೆ ಒಂದು. ಸೊಪ್ರಾನೊ ಅನ್ನುವ ಚಿಕ್ಕ ರೆಕಾರ್ಡರ್‌ನಲ್ಲಿ ಬಿ, ಎ, ಜಿ ಅನ್ನುವ ಪಾಶ್ಚಾತ್ಯ ಸ್ವರಗಳು ಎಡಗೈಯಲ್ಲೇ ಬಂದುಬಿಡುತ್ತವೆ. ಅರ್ಥವಾಗದಿದ್ದರೆ ಎಷ್ಟು ಸಲ ಬೇಕಾದರೂ ನೋಡಬಹುದು. ಆದರೆ ಈ ವಾದ್ಯದಲ್ಲಿ ನಾದ ಕೆಡುವುದು ಕಣ್ಣಿಗೆ ಕಾಣದ ಕಡೆ. ಜೋರಾಗಿ ಊದಿದರೆ ಶ್ರುತಿ ಏರುತ್ತದೆ, ಉಸಿರು ಸಡಿಲವಾದರೆ ಇಳಿಯುತ್ತದೆ. ಟ್ಯೂನರ್ ಆ್ಯಪ್ ಶ್ರುತಿ ತಪ್ಪಿದ್ದನ್ನು ತೋರಿಸುತ್ತದೆ, ಯಾಕೆ ತಪ್ಪಿತು ಅಂತ ಹೇಳುವುದಿಲ್ಲ. ಸ್ವರ ಶುರುವಾಗುವಾಗ ನಾಲಿಗೆ 'ಡು' ಅನ್ನುತ್ತಿದೆಯೋ ಇಲ್ಲವೋ ಅನ್ನುವುದಂತೂ ಬಾಯೊಳಗಿನ ಸಂಗತಿ. ವಿಡಿಯೊಗೆ ಅದೆಲ್ಲಿ ಕೇಳಿಸಬೇಕು, ಅಲ್ವಾ?

ಟೀಚರ್ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. ಎಲ್ಲಕ್ಕಿಂತ ಕೆಳಗಿನ ಸಿ ಸ್ವರ ಊದಿದಾಗಲೆಲ್ಲ ಕೀಚಲು ಸದ್ದು ಬರುತ್ತಿತ್ತು. ಅದಕ್ಕೆ ಬಲಗೈ ಕಿರುಬೆರಳು ಚಾಚಬೇಕು, ಹಾಗಾಗಿ ನನ್ನ ಗಮನವೆಲ್ಲ ಅಲ್ಲೇ. ಟೀಚರ್ ಆ ಬೆರಳಿನ ಕಡೆ ನೋಡಲೇ ಇಲ್ಲ. ಎಡಗೈಯ ಉಂಗುರದ ಬೆರಳನ್ನು ಮೆಲ್ಲಗೆ ಒತ್ತಿದರು. ಕಿರುಬೆರಳು ಚಾಚುವಾಗ ಅದು ಒಂದು ಎಳೆಯಷ್ಟು ಮೇಲೇಳುತ್ತಿತ್ತು, ಗಾಳಿ ಅಲ್ಲಿಂದ ಸೋರುತ್ತಿತ್ತು. ಒತ್ತಿದ ಕೂಡಲೇ ಸ್ವರ ತುಂಬಿಕೊಂಡು ಬಂತು. ಎತ್ತರದ ಸ್ವರಗಳ ಕಥೆಯೂ ಹೀಗೇ. ಹೆಬ್ಬೆರಳು ಮಡಚಿ ಹಿಂದಿನ ತೂತನ್ನು ಚೂರೇ ಚೂರು ತೆರೆಯಬೇಕು. ಎಷ್ಟು ಚೂರು? ಪಕ್ಕದಲ್ಲಿ ಕೂತು ಕೇಳುತ್ತಾ 'ಇನ್ನೂ ಕಮ್ಮಿ, ಇನ್ನೂ ಕಮ್ಮಿ' ಅನ್ನುವವರು ಇದ್ದರೆ ಅದು ಬೇಗ ಕೈಗೆ ಹತ್ತುತ್ತದೆ.

ಇನ್ನೊಂದು ಮಾತು. ವಾದ್ಯ ಕೊಳ್ಳುವ ಮೊದಲೇ ಟೀಚರನ್ನು ಕೇಳಿ. ಫಿಂಗರಿಂಗ್, ಅಂದರೆ ಯಾವ ಸ್ವರಕ್ಕೆ ಯಾವ ತೂತು ಮುಚ್ಚಬೇಕು ಅನ್ನುವ ಕ್ರಮ, ಎಲ್ಲ ವಾದ್ಯಗಳಲ್ಲೂ ಒಂದೇ ಅಲ್ಲ. 1920ರ ದಶಕದಲ್ಲಿ ಬಂದ ಜರ್ಮನ್ ಫಿಂಗರಿಂಗ್‌ನಲ್ಲಿ ಎಫ್ ಸ್ವರ ಸುಲಭ, ಆದರೆ ಅದಕ್ಕಿಂತ ಅರ್ಧ ಸ್ವರ ಮೇಲಿನ ಎಫ್ ಶಾರ್ಪ್ ಶ್ರುತಿಯಲ್ಲಿ ನಿಲ್ಲುವುದು ಕಷ್ಟ. ಮುಂದುವರಿಯುವ ಆಸೆಯಿದ್ದರೆ ಬರೋಕ್ ಫಿಂಗರಿಂಗ್ ವಾದ್ಯವನ್ನೇ ತಗೊಳ್ಳಿ. ಪ್ಲಾಸ್ಟಿಕ್‌ನದ್ದಾದರೂ ಸಾಕು.

ಗುಂಪು ಕ್ಲಾಸ್ ತುಂಬಾ ಖುಷಿ ಕೊಡುತ್ತದೆ. ಸೊಪ್ರಾನೊ, ಅದಕ್ಕಿಂತ ದೊಡ್ಡವಾದ ಆಲ್ಟೊ, ಟೆನರ್ ರೆಕಾರ್ಡರ್ ಒಟ್ಟಿಗೆ ಸೇರಿದಾಗಿನ ನಾದ ಒಬ್ಬರೇ ಊದಿದರೆ ಸಿಗುವಂಥದ್ದಲ್ಲ. ಆದರೆ ಎಲ್ಲರೂ ಊದುವಾಗ ನಿಮ್ಮ ಸ್ವರ ಯಾರಿಗೂ ಬೇರೆಯಾಗಿ ಕೇಳಿಸುವುದಿಲ್ಲ. ಬೆರಳು, ಉಸಿರು ಒಂದು ಹದಕ್ಕೆ ಬಂದ ಮೇಲೆ ಸೇರಿಕೊಳ್ಳಿ.

ಎದುರಿಗೆ ಟೀಚರ್ ಸಿಗದಿದ್ದರೆ ಆನ್‌ಲೈನ್ ಪಾಠವೂ ನಡೆಯುತ್ತದೆ. ಸದ್ದು ತಡವಾಗಿ ತಲುಪುವುದರಿಂದ ಜೊತೆಗೂಡಿ ನುಡಿಸಲು ಮಾತ್ರ ಆಗುವುದಿಲ್ಲ. ಗದ್ದಲ ತಗ್ಗಿಸುವ ಸೆಟ್ಟಿಂಗನ್ನು ಆಫ್ ಮಾಡಿಕೊಳ್ಳಿ, ಇಲ್ಲದಿದ್ದರೆ ಅದು ಉದ್ದನೆಯ ಸ್ವರವನ್ನೇ ಗದ್ದಲ ಅಂದುಕೊಂಡು ನುಂಗಿಬಿಡುತ್ತದೆ.

ಖಾಸಗಿ ಪಾಠಕ್ಕೆ ದುಡ್ಡು ಜಾಸ್ತಿ, ನಿಜ. ಪ್ರತಿ ವಾರ ಆಗದಿದ್ದರೆ ಹದಿನೈದು ದಿನಕ್ಕೊಮ್ಮೆ ಹೋಗಿ, ನಡುವೆ ವಿಡಿಯೊ ನೋಡಿಕೊಂಡು ಅಭ್ಯಾಸ ಮಾಡಿ.